ದೊರೆಯ ಹೆಬ್ಬಾಗಿಲು, ಮನೆಮಂದಿಯ ದಿಡ್ಡಿಬಾಗಿಲು

ಪ್ರವಾಸ ಮಾಡಿ ಬಂದವರು ಹೇಳುವುದರಲ್ಲಿ ಅರ್ಧವನ್ನಷ್ಟೇ ನಾನು ನಂಬುತ್ತೇನೆ. ಓದುಗರು ಈ ಬರಹಕ್ಕೂ ಅದೇ ಅಳತೆ ಹಿಡಿಯಬಹುದು, ನನಗೆ ಬೇಸರವಿಲ್ಲ. ಶಾಲೆಯಲ್ಲಿ ನಾನು ಓದಿದ್ದು ಏಳನೆಯ ತರಗತಿಯವರೆಗೆ. ಉಳಿದದ್ದನ್ನು ಹಳೆಯ ಪುಸ್ತಕಗಳ ಅಂಗಡಿಯಲ್ಲಿ ನಿಂತು ಓದಿ ಕಲಿತೆ. ಅದಕ್ಕಿಂತ ಹೆಚ್ಚಿನದನ್ನು ಮರದಿಂದ ಕಲಿತೆ. ಮೈಸೂರಿನಲ್ಲಿ ನಲವತ್ತು ವರ್ಷ ನಾನು ಮಾಡಿದ ಕಸುಬು ಹಳೆಯ ಮನೆಗಳನ್ನು ಬಿಚ್ಚುವುದು. ಕೆಡವಲಿರುವ ಮನೆಯ ಬಾಗಿಲು, ದಾರಂದ, ಕಂಬ, ತೊಲೆಗಳನ್ನು ಒಂದೊಂದಾಗಿ ಇಳಿಸಿ, ಹೊಸ ಮನೆ ಕಟ್ಟಿಸುವವರಿಗೆ ಮಾರುತ್ತಿದ್ದೆ. ಪುಸ್ತಕ ಬರೆದವನು ತೀರಿಕೊಂಡಿರುತ್ತಾನೆ, ಮರುಪ್ರಶ್ನೆ ಹಾಕುವಂತಿಲ್ಲ. ಹೊಸ್ತಿಲನ್ನಾದರೆ ಕೇಳಬಹುದು. ಎಷ್ಟು ಜನ ದಾಟಿದರು, ಎಂಥವರು ದಾಟಿದರು ಎಂಬುದನ್ನು ಅದು ಮುಚ್ಚಿಡಲಾರದು.

ಹೀಗಾಗಿ ಅಮೆರಿಕದ ಸೇತುವೆ, ಸಮುದ್ರ, ಮುಗಿಲೆತ್ತರದ ಮರಗಳನ್ನು ನಾನು ವರ್ಣಿಸಲು ಹೋಗುವುದಿಲ್ಲ. ಬರೆಯಬೇಕೆನಿಸಿದ್ದು ಒಂದು ಬಾಗಿಲಿನ ವಿಚಾರ.

ಸನ್ನಿವೇಲ್: ಉದ್ಯಾನದ ಬೆಂಚು

ನನ್ನ ಮಗಳು ಶೈಲಾ ಸನ್ನಿವೇಲ್‌ನಲ್ಲಿ ಹಲ್ಲಿನ ವೈದ್ಯೆ. ಅವಳ ಅಪಾರ್ಟ್‌ಮೆಂಟಿನ ಎದುರಿನ ಉದ್ಯಾನದಲ್ಲಿ ಸಂಜೆ ಐದಕ್ಕೆ ನಮ್ಮ ಕಡೆಯ ಹಿರಿಯರು ಸೇರುತ್ತಾರೆ. ಮೊದಲ ದಿನವೇ ಮಂಡ್ಯದ ಚಿಕ್ಕೇಗೌಡರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

"ಹೊಸಬ್ರು ಅನ್ಸುತ್ತೆ. ಗಂಡಿನ ಕಡೆಯೋರೋ, ಹೆಣ್ಣಿನ ಕಡೆಯೋರೋ?"

"ಹೆಣ್ಣಿನ ತಂದೆ."

"ಹಂಗಾರೆ ಬೀಗ್ರು ಈಗ ಹೋಗವ್ರೆ ಅನ್ನಿ. ನಮ್ದು ಪಾಳಿ ಮುಗೀತಾ ಬಂತು ಕಣ್ರೀ. ಬರೋ ಶುಕ್ರವಾರ ನಾವು ಹತ್ತೋದು, ಅವ್ರು ಇಳಿಯೋದು. ಏರ್‌ಪೋರ್ಟಲ್ಲಿ ಒಬ್ರ ಮುಖ ಒಬ್ರು ನೋಡಲ್ಲ."

"ಯಾಕೆ ಬರ್ತೀರಿ ಹಾಗಾದರೆ?"

"ಬರ್ದೆ ಏನ್ ಮಾಡದು? ಮೊಮ್ಮಕ್ಕಳನ್ನ ಒತ್ತೆ ಇಟ್ಕಂಡವ್ರಲ್ಲ."

ಆರು ತಿಂಗಳಿಗೊಮ್ಮೆ ಒಂದು ಕಡೆಯವರು ಬಂದು ಇನ್ನೊಂದು ಕಡೆಯವರು ಹೊರಡುವ ಈ ವ್ಯವಸ್ಥೆಯನ್ನು ಪ್ರೀತಿ ಎಂದು ಕರೆಯುತ್ತಾರೆ. ಇರಬಹುದು. ಆದರೆ ಪ್ರೀತಿಗೆ ಇಷ್ಟು ಕರಾರುವಾಕ್ಕಾದ ಪಾಳಿಪಟ್ಟಿ ಇರುತ್ತದೆಯೇ ಎಂಬುದು ನನ್ನ ಸಂಶಯ. ಗೌಡರ ಮಾತನ್ನು ನಾನು ತಮಾಷೆಯೆಂದೇ ತೆಗೆದುಕೊಂಡೆ. ಅದು ಮತ್ತೆ ನೆನಪಾಗುವ ಪ್ರಸಂಗ ಒಂದು ವಾರದಲ್ಲೇ ಬಂತು.

ಗುಡ್ಡದ ಮೇಲಿನ ವಸ್ತುಸಂಗ್ರಹಾಲಯ

ಶೈಲಾಳ ಮಗಳು ನಿಧಿಗೆ ಹದಿನಾರು ವರ್ಷ. ಕನ್ನಡ ಪೂರ್ತಿ ತಿಳಿಯುತ್ತದೆ; ಉತ್ತರ ಬರುವುದು ಇಂಗ್ಲಿಷಿನಲ್ಲಿ, ಅಥವಾ ಎರಡನ್ನೂ ಬೆರೆಸಿ. ರೆಡ್‌ವುಡ್ ಸಿಟಿಯ ಸಾಫ್ಟ್‌ವೇರ್ ಕಚೇರಿಗಳನ್ನು ದಾಟಿ ಗುಡ್ಡ ಹತ್ತಿದರೆ, ಹಿಂದೆ ಒಬ್ಬ ಶ್ರೀಮಂತ ವ್ಯಾಪಾರಿಯದಾಗಿದ್ದ ತೋಟದಲ್ಲಿ ಜಪಾನಿನ ಹಳೆಯ ವಸ್ತುಗಳ ಪುಟ್ಟ ಸಂಗ್ರಹಾಲಯವಿದೆ. ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನಿಧಿ ಅಲ್ಲಿ ಸಂದರ್ಶಕರಿಗೆ ವಿವರಣೆ ಕೊಡುವ ಕೆಲಸ ಕಲಿಯುತ್ತಿದ್ದಳು. ಎದೆಯ ಮೇಲಿನ ಬಿಲ್ಲೆಯಲ್ಲಿ ಅವಳ ಹೆಸರಿನ ಕೆಳಗೆ 'ತರಬೇತಿಯಲ್ಲಿ' ಎಂಬ ಕಾಗದದ ಪಟ್ಟಿ ಅಂಟಿಸಿತ್ತು. ಬರುವ ಭಾನುವಾರ ಅವಳೇ ಒಂದು ಗುಂಪನ್ನು ಕರೆದೊಯ್ಯಬೇಕು, ಮುಖ್ಯ ಮಾರ್ಗದರ್ಶಿ ಹಿಂದೆ ನಿಂತು ಕೇಳಬೇಕು, ಒಪ್ಪಿಗೆಯಾದರೆ ಆ ಪಟ್ಟಿ ಕಿತ್ತುಹಾಕುತ್ತಾರೆ. ಎಂಟು ತಿಂಗಳಿಂದ ಹುಡುಗಿ ಆ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತಾ ಬಂದಿದ್ದಳು.

ಅದರ ಹಿಂದಿನ ಭಾನುವಾರ ನನ್ನನ್ನು ಕರೆದುಕೊಂಡು ಹೋದಳು, ಅಭ್ಯಾಸಕ್ಕೆ ಕೇಳುವ ಕಿವಿಯಾಗಿ.

"ತಾತ, ಪ್ಲೀಸ್, ಏನೂ ಟಚ್ ಮಾಡ್ಬೇಡಿ. ದೇ ಆರ್ ವೆರಿ ಸ್ಟ್ರಿಕ್ಟ್."

ಮೊದಲ ಕೋಣೆಯಲ್ಲಿ ಮೇಜಿನ ಮೇಲೆ ಒಂದು ಮಾದರಿ ಮನೆ ಇತ್ತು. ಮೂಲದ ಮನೆಯೆಂದರೆ ಒಂದು ಕೇರಿಯಷ್ಟು ದೊಡ್ಡದು. ನಿಧಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದಳು: ಇಂದಿನ ಟೋಕಿಯೊ ಆಗ ಎಡೊ ಎಂಬ ಹೆಸರಿನ ರಾಜಧಾನಿ. ಶೋಗನ್ ಎಂಬ ಸೇನಾಧಿಪತಿಯ ಆಳ್ವಿಕೆ. ದೈಮ್ಯೊ ಎನ್ನುವ ಪ್ರಾಂತ್ಯದ ದೊರೆಗಳು ಒಂದು ವರ್ಷ ತಮ್ಮ ಸೀಮೆಯಲ್ಲಿ, ಮರುವರ್ಷ ರಾಜಧಾನಿಯ ಇಂಥ ಮನೆಯಲ್ಲಿ ಇರಬೇಕು. ಹೆಂಡತಿ ಮತ್ತು ವಾರಸುದಾರ ಮಗ ಮಾತ್ರ ವರ್ಷವೆಲ್ಲ ರಾಜಧಾನಿಯಲ್ಲೇ. ದೊರೆ ಊರಿಗೆ ಹೋಗಿ ಬಾಲ ಬಿಚ್ಚದಂತೆ ಮನೆಯವರು ಒತ್ತೆ. ಸುತ್ತ ಗೋಡೆಯಂತೆ ಹರಡಿದ್ದ ಸಾಲುಮನೆಗಳಲ್ಲಿ, ಹೆಂಡಿರು ಮಕ್ಕಳನ್ನು ಊರಿನಲ್ಲಿ ಬಿಟ್ಟು ದೊರೆಯೊಡನೆ ಬಂದ ಪರಿವಾರದವರು. ನಡುವೆ ಒಡೆಯನ ಸಭಾಂಗಣ, ಅದರ ಹಿಂದೆ ಹೆಂಗಸರ ಅಂತಃಪುರ.

"ಚಿಕ್ಕೇಗೌಡರಿಗೆ ಇದನ್ನು ತೋರಿಸಬೇಕು," ಎಂದೆ.

"ವೈ?"

"ಅವರಿಗೂ ಪಾಳಿ ಇದೆ. ಅಡುಗೆಮನೆ ಎಲ್ಲಿ ಇದರಲ್ಲಿ? ಇಷ್ಟು ಜನರ ನೀರು ಎಲ್ಲಿಂದ ಬರುತ್ತಿತ್ತು? ಪಾಯಿಖಾನೆ?"

"ಪಾಯಿಖಾನೆ ಸ್ಕ್ರಿಪ್ಟಲ್ಲಿ ಇಲ್ಲ, ತಾತ."

ಇರುವುದಿಲ್ಲ. ಯಾವ ಅರಮನೆಯ ವರ್ಣನೆಯಲ್ಲೂ ಇರುವುದಿಲ್ಲ. ನನ್ನ ಸಂಶಯ ಶುರುವಾಗುವುದೇ ಅಲ್ಲಿ.

ತೋಟದ ನಡುವೆ ಹೆಬ್ಬಾಗಿಲು ನಿಂತಿತ್ತು. ಎರಡಾಳೆತ್ತರದ ಜೋಡಿ ಕದ, ಕಬ್ಬಿಣದ ಪಟ್ಟಿ, ಮೇಲೆ ಹೆಂಚಿನ ಮಾಡು. ಎಡೊದ ದೊರೆಯೊಬ್ಬನ ಮನೆಯದಂತೆ. ವ್ಯಾಪಾರಿ ಹಡಗಿನಲ್ಲಿ ತರಿಸಿದನಂತೆ. ಎಡೊ ಮತ್ತೆ ಮತ್ತೆ ಬೆಂಕಿಗೆ ಬಿದ್ದ ಊರೆಂದು ನಾನು ಓದಿದ್ದೆ. ಊರು ಸುಟ್ಟು, ಬಾಗಿಲೊಂದು ಉಳಿದು, ಸಮುದ್ರ ದಾಟಿ, ಸರಿಯಾಗಿ ಒಬ್ಬ ಹಣವಂತನ ತೋಟಕ್ಕೆ ಬಂದು ನಿಂತಿತೇ? ಇಂಥ ಕಥೆ ಹೇಗೆ ಹುಟ್ಟುತ್ತದೆಂಬುದು ನನಗೆ ಚೆನ್ನಾಗಿ ಗೊತ್ತು. ಇದೇ ಗುಡ್ಡದ ಕೆಂಪು ಮರವನ್ನು ಕೊಯ್ದು, ಹೊಗೆ ಹಾಕಿ ಹಳೆಯದು ಮಾಡಿದ್ದಾರೆಂದು ನಿಶ್ಚಯಿಸಿಕೊಂಡೆ. ನಿಧಿ ಆಚೆ ತಿರುಗಿದಾಗ ಕದಕ್ಕೆ ಮೂಗು ಒತ್ತಿ ಆಘ್ರಾಣಿಸಿದೆ.

"ಮಾನ್ಯರೇ, ತಾವೇನು ಮಾಡುತ್ತಿದ್ದೀರಿ ಎಂದು ಕೇಳಬಹುದೇ?"

ಹಿಂದೆ ನಿಂತಿದ್ದವರು ಮುಖ್ಯ ಮಾರ್ಗದರ್ಶಿ ಶ್ರೀಮತಿ ಒಕಾಡ. ನನ್ನ ವಯಸ್ಸಿನವರೇ. ಕೈಯಲ್ಲಿ ಪೆನ್ಸಿಲು, ಪುಸ್ತಕ.

"ವಾಸನೆ ನೋಡುತ್ತಿದ್ದೇನೆ," ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

"ಸಿಕ್ಕಿತೇ?"

"ಮರ ಇಲ್ಲಿಯದಲ್ಲ."

"ಸಮಾಧಾನವಾಯಿತು," ಎಂದು ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ನಿಧಿಯ ಮುಖ ಕೆಂಪಾಗಿತ್ತು.

ನಾನು ಸೋತಿದ್ದೆ: ಮರ ಹಳೆಯದು, ಉಳಿಯ ಗುರುತು ಹಳೆಯದು, ಬಾಗಿಲು ನಿಜವಾದದ್ದು. ಸೋತ ಮೇಲೆಯೇ ಕಣ್ಣು ಸರಿಯಾಗಿ ಕೆಲಸ ಮಾಡಿತು. ಕದ ತೂಗುವ ಕಬ್ಬಿಣದ ಕೀಲುಗಳಲ್ಲಿ ಕಮ್ಮಾರನ ಸುತ್ತಿಗೆಯ ಏಟು ಇನ್ನೂ ಚೂಪಾಗಿತ್ತು. ತಿರುಗಿ ತಿರುಗಿ ನುಣುಪಾಗಿರಲಿಲ್ಲ. ಪಕ್ಕದ ದೊಡ್ಡ ಫಲಕದಲ್ಲಿ ಬರೆದಿತ್ತು: 'ದೊರೆಯ ಮನೆಯ ಪರಿವಾರವೆಲ್ಲ ಪ್ರತಿದಿನ ಬೆಳಿಗ್ಗೆ ಈ ಹೆಬ್ಬಾಗಿಲಿನ ಮೂಲಕ ಹೊರಡುತ್ತಿತ್ತು.' ಪ್ರತಿದಿನವೇ? ಫಲಕದ ಹಿಂದೆ ಇಣುಕಿದೆ. ಅಲ್ಲೊಂದು ಗಿಡ್ಡ ಕದವಿತ್ತು, ನಮ್ಮಲ್ಲಿ ದಿಡ್ಡಿಬಾಗಿಲು ಎನ್ನುತ್ತೇವಲ್ಲ, ಅದೇ. ಹೊಸ ಮೊಳೆ ಹೊಡೆದು ಮುಚ್ಚಿದ್ದರು. ಅದನ್ನು ಹೇಳುವ ಮೊದಲೇ ನಿಧಿ ನನ್ನ ತೋಳು ಹಿಡಿದು ಕಾರಿನ ಕಡೆ ನಡೆಸಿದಳು.

ಕ್ಯುಪರ್ಟಿನೋ: ಗ್ರಂಥಾಲಯ

ರಾತ್ರಿ ಊಟಕ್ಕೆ ಕೂತಾಗ ಶೈಲಾ ಮಜ್ಜಿಗೆ ಬಡಿಸುತ್ತಲೇ ಕಟ್ಟಪ್ಪಣೆ ಮಾಡಿದಳು.

"ಅಪ್ಪ, ಭಾನುವಾರ ನೀವು ಬರ್ಬಹುದು. ಬಾಯಿ ಮಾತ್ರ ಮನೇಲಿ ಬಿಟ್ಟು ಬರ್ಬೇಕು. ಕೊಟ್ಟಿರೋ ಸ್ಕ್ರಿಪ್ಟಲ್ಲಿ ಒಂದು ಸೆಂಟೆನ್ಸು ಆಚೆ ಈಚೆ ಆದ್ರೂ ಅವಳನ್ನ ಫೇಲ್ ಮಾಡ್ತಾರೆ."

"ಅಲ್ಲಿ ಬರೆದಿರೋದು ತಪ್ಪಾಗಿದ್ರೆ?"

"ತಪ್ಪಾಗಿರ್ಲಿ. ನೋಡಿ, ಅವಳಿಗೆ ಯಾರೂ ಏನೂ ಹೇಳ್ಬಾರ್ದು. ಹೇಳಲ್ಲ ಅಂತ ಮಾತು ಕೊಡಿ."

ಕೊಟ್ಟೆ. ಮರುದಿನ ಕ್ಯುಪರ್ಟಿನೋದ ಗ್ರಂಥಾಲಯಕ್ಕೆ ಹೋಗಿ ಕೂತೆ. ಮಕ್ಕಳ ಶಾಲೆಗಾಗಿಯೇ ಜನ ಈ ಊರಿನಲ್ಲಿ ಮನೆ ಮಾಡುತ್ತಾರೆ. ಆದರೂ ಗ್ರಂಥಾಲಯದಲ್ಲಿ ಪುಸ್ತಕ ಬಿಡಿಸಿ ಕೂತಿದ್ದವರಲ್ಲಿ ಹೆಚ್ಚಿನವರು ನನ್ನಂಥ ಪಾಳಿಯ ಮುದುಕರು. ಒಬ್ಬರು ಪಂಚಾಂಗ ತಂದಿದ್ದರು. ನನಗೆ ಎಡೊ ಮನೆಗಳ ಬಗ್ಗೆ ಎರಡು ದಪ್ಪ ಪುಸ್ತಕ ಸಿಕ್ಕವು. ದೊರೆಯ ಅಂತಸ್ತಿಗೆ ತಕ್ಕಂತೆ ಹೆಬ್ಬಾಗಿಲಿನ ಆಕಾರ, ಕಾವಲುಕೋಣೆಗಳ ಲೆಕ್ಕ. ನಡುವಿನ ದೊಡ್ಡ ಕದ ತೆರೆಯುತ್ತಿದ್ದುದು ದೊರೆಗೆ, ಅವನಿಗೆ ಸಮನಾದ ಅತಿಥಿಗೆ. ಮಿಕ್ಕವರು ಪಕ್ಕದ ಸಣ್ಣ ಬಾಗಿಲಲ್ಲಿ ಬಗ್ಗಿ ಹೋಗಬೇಕು ಎಂದು ಒಂದು ಪುಸ್ತಕ ಹೇಳಿತು. ಇನ್ನೊಂದು ಆ ಮಾತನ್ನೇ ಎತ್ತಲಿಲ್ಲ. ಪುಸ್ತಕ ನನ್ನ ಕಡೆ ಮಾತಾಡಿದ ಮಾತ್ರಕ್ಕೆ ಅದನ್ನು ನಂಬುವ ಜಾಯಮಾನ ನನ್ನದಲ್ಲ. ಕೀಲು ಅದನ್ನೇ ಹೇಳಿತ್ತು, ಆದ್ದರಿಂದ ನಂಬಿದೆ.

ಶುಕ್ರವಾರ ಸಂಜೆ ನಿಧಿ ಶಾಲೆಯಿಂದ ನೇರವಾಗಿ ನನ್ನೆದುರು ಬಂದು ಕೂತಳು.

"ತಾತ, ಯು ಆರ್ ಹೈಡಿಂಗ್ ಸಮ್‌ಥಿಂಗ್. ಗೇಟು ಫೇಕಾ?"

"ಅಲ್ಲ. ಅಸಲಿ."

"ದೆನ್ ವಾಟ್?"

ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಕೇಳುವುದಿಲ್ಲವೆಂದು ಕೊಟ್ಟಿರಲಿಲ್ಲ.

"ಆ ಬೋರ್ಡಿನ ಹಿಂದೆ ಏನಿದೆ ಅಂತ ಯಾವತ್ತಾದರೂ ನೋಡಿದ್ದೀಯಾ?"

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಇದು ಕುಯುಕ್ತಿಯೆಂದು ನನಗೆ ಗೊತ್ತಿತ್ತು. ಹುಡುಗಿಯ ಎಂಟು ತಿಂಗಳ ಶ್ರಮವನ್ನು ನನ್ನ ಒಂದು ಹಟಕ್ಕೆ ಪಣವಿಡುತ್ತಿದ್ದೇನೆಂಬುದೂ ಗೊತ್ತಿತ್ತು. ಶನಿವಾರ ಅವಳು ಗುಡ್ಡಕ್ಕೆ ಹೋಗಿ ಬಂದಳು.

ಭಾನುವಾರ, ಮತ್ತೆ ಗುಡ್ಡ

ಗುಂಪಿನಲ್ಲಿ ಹತ್ತು ಹನ್ನೆರಡು ಜನ. ನಾನು ಮತ್ತು ಶೈಲಾ ಕೊನೆಯಲ್ಲಿ. ನಮ್ಮ ಪಕ್ಕದಲ್ಲೇ ಶ್ರೀಮತಿ ಒಕಾಡ, ಪೆನ್ಸಿಲು ಹಿಡಿದು. ಮಾದರಿ ಮನೆಯ ಮುಂದೆ ನಿಧಿ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಒತ್ತೆಯಾಗಿದ್ದ ಹೆಂಡತಿಯರ ವಿಷಯ ಬಂದಾಗ ಒಬ್ಬ ಹೆಂಗಸು ಗಂಡನನ್ನು ಮೊಣಕೈಯಿಂದ ತಿವಿದಳು. ಶೈಲಾ ನಿಟ್ಟುಸಿರಿಟ್ಟು ನನ್ನ ಕಡೆ ನೋಡಿ ನಕ್ಕಳು.

ಹೆಬ್ಬಾಗಿಲಿನ ಮುಂದೆ ನಿಧಿ ನಿಂತಳು. ಫಲಕದ ಸಾಲನ್ನು ಓದಿದಳು. ಆಮೇಲೆ ಗುಂಪಿನ ಕಡೆ ತಿರುಗಿದಳು.

"ಇದನ್ನೇ ನಾನೂ ಬಾಯಿಪಾಠ ಮಾಡಿದ್ದೆ," ಎಂದಳು ಇಂಗ್ಲಿಷಿನಲ್ಲಿ. "ನಿನ್ನೆ ಈ ಫಲಕದ ಹಿಂದೆ ನೋಡಿದೆ. ಈಗ ಇದನ್ನು ಹೇಳಲು ನನಗೆ ಆಗುತ್ತಿಲ್ಲ. ಫಲಕವನ್ನು ಸ್ವಲ್ಪ ಸರಿಸಬಹುದೇ?"

ಶೈಲಾ ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಗಡಿಯಾರದ ಪಟ್ಟಿ ಒತ್ತಿ ಗುರುತು ಬಿತ್ತು. "ಏನ್ ಮಾಡಿದ್ರಿ ಅಪ್ಪ?"

"ಒಂದು ಪ್ರಶ್ನೆ ಕೇಳಿದೆ ಅಷ್ಟೆ."

ಶ್ರೀಮತಿ ಒಕಾಡ ಪುಸ್ತಕ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಬೈಯುತ್ತಾರೆಂದುಕೊಂಡೆ. ಅವರು ಮುಂದೆ ಹೋಗಿ ಫಲಕದ ಇನ್ನೊಂದು ತುದಿ ಹಿಡಿದರು.

ದಿಡ್ಡಿಬಾಗಿಲಿನ ಹೊಸ್ತಿಲು ನಡುವೆ ಬೋಗುಣಿಯಂತೆ ಸವೆದಿತ್ತು. ಮೇಲಿನ ಅಡ್ಡಪಟ್ಟಿಯ ಕೆಳಗಡೆ, ಬಗ್ಗಿ ಹೋಗುವವರ ಬೆನ್ನು ಉಜ್ಜುವಲ್ಲಿ, ಮರ ಕನ್ನಡಿಯಂತೆ ಮಿರುಗುತ್ತಿತ್ತು. ನಿಧಿ ಮುಟ್ಟದೆಯೇ ಅದನ್ನೆಲ್ಲ ತೋರಿಸಿದಳು.

"ಮನೆಮಂದಿ ಹೋಗಿದ್ದು ಇಲ್ಲಿಂದ. ಎಲ್ಲರೂ ಬಗ್ಗಿ ಹೋದರು. ನಾವೀಗ ನಡೆದು ಬಂದದ್ದು ದೊರೆಯ ದಾರಿ."

"ಮೊಳೆ ಹೊಡೆಸಿದ್ದು ನಾನೇ," ಎಂದರು ಒಕಾಡ. "ಒಬ್ಬರ ತಲೆಗೆ ಪೆಟ್ಟಾಗಿತ್ತು. ಮೊಳೆ ಹೊಡೆದದ್ದು ಅಂದಗೆಟ್ಟು ಕಂಡಿತೆಂದು ಫಲಕ ಇಡಿಸಿದೆ."

ಇದರ ಹಿಂದೆ ನಾನು ಏನೇನೋ ಸಂಚು ಕಲ್ಪಿಸಿಕೊಂಡಿದ್ದೆ. ಯಾರದೋ ತಲೆ ಬಾತಿತ್ತು, ಅಷ್ಟೆ.

ಗುಂಪಿನಲ್ಲಿ ನನ್ನಂಥವನೇ ಒಬ್ಬನಿದ್ದ. "ಇದು ಬೇರೆ ಯಾವುದೋ ಮನೆಯಲ್ಲಿ, ಬೇರೆ ಯಾರಿಂದಲೋ ಸವೆದಿರಬಹುದಲ್ಲ? ಹೇಗೆ ಗೊತ್ತು ನಿನಗೆ?"

ನಿಧಿಯ ಉಗುರು ಕಾಗದದ ಪಟ್ಟಿಯ ಅಂಚಿಗೆ ಹೋಯಿತು. "ನನ್ನ ತಾತನಿಗೆ ಬಾಗಿಲುಗಳು ಗೊತ್ತು," ಎಂದಳು.

ಎಲ್ಲರೂ ಹಿಂದಿರುಗಿ ನೋಡಿದರು. "ಓ, ವಾಸನೆ ನೋಡುವ ಮಹನೀಯರು," ಎಂದರು ಒಕಾಡ. "ಹೇಳಿ."

ಕೀಲು ತೋರಿಸಿದೆ. ಒಂದೇ ದಾರಂದ, ಒಂದೇ ಮರ, ಒಂದೇ ವಯಸ್ಸು. ದೊಡ್ಡ ಕದದ ಕಬ್ಬಿಣ ಹೊಸದರಂತೆ, ಚಿಕ್ಕ ಕದದ ಹೊಸ್ತಿಲು ಬೋಗುಣಿಯಂತೆ. ಎರಡನ್ನೂ ಜೊತೆಯಲ್ಲಿ ಓದಬೇಕು, ಎಂದೆ.

"ತಾವು ಪುರಾತತ್ತ್ವ ಇಲಾಖೆಯವರೇ?" ಆ ಮನುಷ್ಯ ಬಿಡಲಿಲ್ಲ.

ಹೌದೆನ್ನುವುದು ಸುಲಭವಿತ್ತು, ನನ್ನ ಮೀಸೆಗೆ ಅದು ಒಪ್ಪುತ್ತಲೂ ಇತ್ತು. ಆದರೆ ತನಗೆ ಬರೆದುಕೊಟ್ಟಿದ್ದ ಸುಳ್ಳನ್ನು ಮೊಮ್ಮಗಳು ಈಗ ತಾನೇ ಪಕ್ಕಕ್ಕೆ ಸರಿಸಿ ನಿಂತಿದ್ದಳು.

"ಅಲ್ಲ. ನಾನು ಹಳೆಯ ಬಾಗಿಲುಗಳನ್ನು ಮಾರುತ್ತಿದ್ದೆ. ಛತ್ರದ ಬಾಗಿಲನ್ನು, ಶಾಲೆಯ ಬಾಗಿಲನ್ನು ಅರಸು ಮನೆತನದ್ದೆಂದು ಹೇಳಿ ಮಾರುತ್ತಿದ್ದೆ. ಹಾಗೆ ಹೇಳಬೇಕಾದರೆ ಮೊದಲು ಸವೆದ ಹೊಸ್ತಿಲನ್ನು ಕಿತ್ತು ಹೊಸದು ಹಾಕಿಸಬೇಕಿತ್ತು. ಇಲ್ಲದಿದ್ದರೆ ಅದು ನಿಜ ಹೇಳಿಬಿಡುತ್ತಿತ್ತು. ಆದ್ದರಿಂದ ಬಾಗಿಲು ಎಲ್ಲಿ ಸವೆಯುತ್ತದೆಂದು ನನಗೆ ಗೊತ್ತು."

ಪ್ರಶ್ನೆ ಕೇಳಿದವನು ಬಗ್ಗಿ ಹೊಸ್ತಿಲನ್ನು ನೋಡತೊಡಗಿದ. ಒಕಾಡ ಮಾತ್ರ ನನ್ನನ್ನೇ ನೋಡುತ್ತಿದ್ದರು. ಆಮೇಲೆ ನಿಧಿಯ ಕಡೆ ತಿರುಗಿದರು.

"ಇವತ್ತು ಪಟ್ಟಿ ತೆಗೆಯಲಾರೆ. ಕೊಟ್ಟದ್ದನ್ನು ನೀನು ಹೇಳಲಿಲ್ಲ. ಬರುವ ಭಾನುವಾರ ಮತ್ತೆ ಬಾ. ಈ ಫಲಕದ ಸಾಲನ್ನು ನೀನೇ ಬರೆದು ತಾ. ಕೆಳಗೆ, ಅದು ನಿನಗೆ ಹೇಗೆ ಗೊತ್ತಾಯಿತು ಎಂದೂ ಬರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆ."

ಫ್ರೀವೇ

ಹಿಂದಿರುಗುವಾಗ ಕಾರು ಓಡಿಸುತ್ತಿದ್ದುದು ಶೈಲಾ. ಹಿಂದಿನ ಸೀಟಿನಿಂದ ನಿಧಿ ಮೆಲ್ಲಗೆ ಕೇಳಿದಳು.

"ತಾತ, ಮೈಸೂರ್ ಮನೆ ಫ್ರಂಟ್ ಡೋರು? ಲೋಟಸ್ ಇದೆಯಲ್ಲ, ಅದು ನಿಜವಾಗ್ಲೂ ಅರಸರ ಮನೇದಾ?"

ಆ ಕಮಲದ ಬಾಗಿಲಿನ ಕಥೆಯನ್ನು ನಾನು ಶೈಲಾಳ ಮದುವೆಯಲ್ಲಿ ಬೀಗರಿಗೆ ಹೇಳಿದ್ದೆ. ವಠಾರಕ್ಕೆಲ್ಲ ಹೇಳಿದ್ದೆ. ಮಗಳೂ ಅದನ್ನು ಕೇಳುತ್ತಲೇ ಬೆಳೆದಿದ್ದಳು. ಸ್ಟಿಯರಿಂಗ್ ಹಿಡಿದಿದ್ದ ಅವಳ ಮುಖ ನೋಡುವ ಧೈರ್ಯವಾಗದೆ ಕಿಟಕಿಯಾಚೆ ನೋಡುತ್ತಾ ಹೇಳಿದೆ. "ಇಲ್ಲ ಪುಟ್ಟಿ. ಒಂದು ಛತ್ರದ್ದು."

"ಹದಿನಾಲ್ಕನೇ ಕೋಣೇದು," ಎಂದಳು ಶೈಲಾ.

ಕಿಟಕಿ ಬಿಟ್ಟು ಅವಳ ಕಡೆ ತಿರುಗಿದೆ.

"ಬಾಗಿಲ ಹಿಂದೆ ಬಣ್ಣದ ಕೆಳಗೆ ಹದಿನಾಲ್ಕು ಅಂತ ಮಸುಕಾಗಿ ಕಾಣ್ತಿತ್ತಲ್ಲಪ್ಪ. ಕಣ್ಣಾಮುಚ್ಚಾಲೆ ಆಡುವಾಗ ಅದರ ಹಿಂದೇನೇ ನಿಲ್ತಿದ್ದೆ ನಾನು. ಅರಸರ ಮನೇಲಿ ಯಾರಾದ್ರೂ ಕೋಣೆಗೆ ನಂಬರ್ ಹಾಕ್ತಾರಾ?"

"ಮತ್ತೆ ಮದುವೇಲಿ ಯಾಕೆ ಸುಮ್ಮನಿದ್ದೆ?"

"ನಮ್ಮತ್ತೆ ಮಾವನ ಮುಂದೆ ನಿಮ್ಮನ್ನ ಫೇಲ್ ಮಾಡ್ಲಾ?" ಎಂದು ಇಂಡಿಕೇಟರ್ ಹಾಕಿ ಎಡಕ್ಕೆ ಸರಿದಳು. "ಇನ್ನೊಂದ್ಸಲ ನನ್ ಮಗಳಿಗೆ ಪ್ರಶ್ನೆ ಕೇಳೋ ಮುಂಚೆ ನಂಗೆ ಕೇಳಿ."

ಎಲ್ಲವನ್ನೂ ಸಂಶಯದಿಂದ ನೋಡುತ್ತೇನೆಂದು ಹೆಮ್ಮೆಪಟ್ಟವನು ನಾನು. ನನ್ನ ಮನೆಯಲ್ಲೇ ಒಬ್ಬಳು, ಇಷ್ಟು ವರ್ಷ, ಬಾಯಿ ಬಿಡದೆ ನನ್ನನ್ನು ಓದಿಕೊಂಡಿದ್ದಳು.

ಮೈಸೂರು

ನನ್ನ ಪಾಳಿ ಮುಗಿಸಿ ಬಂದಿದ್ದೇನೆ. ನಿಧಿಗೆ ಆ ಮರು ಭಾನುವಾರವೂ ಒಪ್ಪಿಗೆ ಸಿಗಲಿಲ್ಲ. 'ಎಲ್ಲರೂ' ಎಂದು ಬರೆದಿದ್ದಳಂತೆ, ಎಲ್ಲರೂ ಎಂಬುದು ಹೇಗೆ ಗೊತ್ತು ಎಂದು ಒಕಾಡ ಕೇಳಿದರಂತೆ. ಆ ಹೆಂಗಸಿನ ಮೇಲೆ ನನಗೆ ಗೌರವ ಹುಟ್ಟಿತು. ಮೂರನೆಯ ಸಲಕ್ಕೆ ಪಟ್ಟಿ ಕಿತ್ತರು. ಫೋನಿನಲ್ಲಿ ಬಿಲ್ಲೆಯ ಚಿತ್ರ ಕಳಿಸಿದ್ದಾಳೆ. ಹೆಸರಿನ ಕೆಳಗೆ ಅಂಟಿನ ಕಲೆ ಉಳಿದಿದೆ. ಫಲಕ ಈಗ ಬೇರೆ ಕಡೆ ಇದೆಯಂತೆ, ದಿಡ್ಡಿಬಾಗಿಲಿನ ಮೊಳೆ ತೆಗೆದಿದ್ದಾರಂತೆ. ಇದನ್ನು ನಾನು ಕಣ್ಣಾರೆ ನೋಡಿಲ್ಲ.

ನನ್ನ ಬಾಗಿಲಿನ ಹಿಂದಿನ ಚಿತ್ರವನ್ನು ಅವಳು ಕೇಳಿದ್ದಳು. ಬಣ್ಣ ಕೆರೆದೆ. ಹದಿನಾಲ್ಕು ಹಾಗೆಯೇ ಇದೆ, ಯಾರೋ ಕುಂಚ ಅದ್ದಿ ಬರೆದ ಕನ್ನಡದ ಅಂಕಿ. ಮತ್ತೆ ಬಣ್ಣ ಬಳಿಯಲಿಲ್ಲ.

ಮೊನ್ನೆ ಮನೆ ಕಟ್ಟಿಸುತ್ತಿರುವ ಒಬ್ಬರು ನಮ್ಮ ಬಾಗಿಲನ್ನು ನೋಡಲು ಬಂದರು. ಇದು ಛತ್ರದ ಹದಿನಾಲ್ಕನೇ ಕೋಣೆಯದು ಎಂದು ಹೇಳಿ, ಕದ ತಿರುಗಿಸಿ ಅಂಕಿಯನ್ನೂ ತೋರಿಸಿದೆ. ಅವರು ಅಂಕಿಯನ್ನು ನೋಡಿದರು, ಕಮಲವನ್ನು ಸವರಿದರು, ನನ್ನ ಮುಖ ನೋಡಿ ನಕ್ಕರು.

"ಬಿಡಿ ಸ್ವಾಮಿ, ಮಾರೋಕೆ ಇಷ್ಟ ಇಲ್ಲ ಅಂತ ಹೀಗೆ ಹೇಳ್ತಿದೀರಿ. ನೋಡಿದ್ರೆ ಗೊತ್ತಾಗಲ್ವಾ, ಅರಮನೆ ಕಡೇದು."